ಸೆರೆಯಾಳಿಗೆ ಜಾಮೀನು ಯಾರು?

ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವ ನಮಗೆ ಜಾಮೀನಿಲ್ಲದೆ ಯಾರನ್ನೂ ನಂಬಬಾರದೆಂಬುದೇ ಮೊದಲ ಪಾಠ. ಜೈಲು ಕಂಡು ಬಂದವನ ಮಾತಂತೂ ದೂರವೇ ಉಳಿಯಿತು. ಆದರೆ ಅಂಥವನ ಕಥೆಯನ್ನು ಚಿತ್ರರಂಗಕ್ಕೆ ಒದಗಿಸಿದಾತನೂ ಒಬ್ಬ ಬ್ಯಾಂಕ್ ನೌಕರನೇ ಎಂಬುದು ಸೋಜಿಗ! ಅಮೆರಿಕದ ಓ. ಹೆನ್ರಿ, ತಾನು ದುಡಿದ ಬ್ಯಾಂಕಿನ ಹಣ ದುರುಪಯೋಗದ ಮೊಕದ್ದಮೆಯಲ್ಲಿ 1898ರಿಂದ 1901ರವರೆಗೆ ಓಹಾಯೋ ಸೆರೆಮನೆಯಲ್ಲಿದ್ದವನು. ಅವನು ಬರೆದ ತಿಜೋರಿ ಕಳ್ಳನ ಕಥೆ ನಾಟಕವಾಗಿ, 1915ರಲ್ಲಿ ‘ಏಲಿಯಸ್ ಜಿಮ್ಮಿ ವ್ಯಾಲೆಂಟೈನ್’ ಎಂಬ ಮೂಕಚಿತ್ರವಾಯಿತು. 1920ರಲ್ಲೂ 1928ರಲ್ಲೂ ಮತ್ತೆ ಚಿತ್ರವಾಗಿ ಬಂದಿತು. ಮೂಲಕಥೆಯಲ್ಲಿ, ಸಜ್ಜನನಾಗಿ ಬಾಳುತ್ತಿದ್ದ ಕಳ್ಳ, ತಿಜೋರಿಯೊಳಗೆ ಸಿಕ್ಕಿಕೊಂಡ ಮಗುವನ್ನು ಉಳಿಸಲು ಹಳೆಯ ವಿದ್ಯೆ ತೋರಿಸಿ ಗುಟ್ಟು ಬಿಟ್ಟುಕೊಡುತ್ತಾನೆ. ಬೆನ್ನಟ್ಟಿ ಬಂದ ಪತ್ತೇದಾರ ಕಂಡೂ ಕಾಣದವನಂತೆ ಹೊರಟುಹೋಗುತ್ತಾನೆ. ಎಲ್ಲವೂ ಆ ಒಬ್ಬನ ಕನಿಕರ. ಅದು ದೊರೆಯದವನ ಪಾಡನ್ನು 1932ರ ‘ಐ ಆಮ್ ಎ ಫ್ಯುಜಿಟಿವ್ ಫ್ರಮ್ ಎ ಚೈನ್ ಗ್ಯಾಂಗ್’ ತೋರಿಸಿತು.

ನಮ್ಮ ದೇಶದ ಚಿತ್ರವೊಂದು ಬೇರೆ ದಾರಿ ಹಿಡಿಯಿತು. ವಿ. ಶಾಂತಾರಾಮ್ ಅವರ ‘ದೋ ಆಂಖೇ ಬಾರಹ್ ಹಾಥ್’ (1957) ಚಿತ್ರದಲ್ಲಿ ಜೈಲರ್ ಒಬ್ಬ ಆರು ಕೊಲೆಗಡುಕರನ್ನು ಗೋಡೆಯಿಲ್ಲದ ಬಯಲಿಗೆ ಕರೆದೊಯ್ದು ಬೇಸಾಯಕ್ಕೆ ಹಚ್ಚುತ್ತಾನೆ. ಇದು ಬರಿಯ ಕಲ್ಪನೆಯಲ್ಲ. ಔಂಧ್ ಸಂಸ್ಥಾನದ ಆಟಪಾಡಿಯ ಹತ್ತಿರ 1939ರಲ್ಲಿ ‘ಸ್ವತಂತ್ರಪುರ’ವೆಂಬ ಇಂಥ ವಸಾಹತೇ ಹುಟ್ಟಿತ್ತು. ಚಿತ್ರಕ್ಕೆ ಪ್ರೇರಣೆ ಅದೇ.

ಇದರಲ್ಲಿ ಕನ್ನಡಿಗರಾದ ನಮಗೂ ಪಾಲುಂಟು. ಔಂಧಿನ ಒಂದು ತಾಲ್ಲೂಕಾದ ಗುಣದಾಳ ಇದ್ದದ್ದು ವಿಜಯಪುರ ಸೀಮೆಯಲ್ಲಿ. ಸ್ವತಂತ್ರಪುರದ ಹಿಂದಿದ್ದ ಮಾರಿಸ್ ಫ್ರಿಡ್‌ಮನ್ ಎಂಬ ಪೋಲೆಂಡಿನ ಎಂಜಿನಿಯರು ಭಾರತಕ್ಕೆ ಬಂದದ್ದೇ ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಲು. ಕರೆಸಿದವರು ದಿವಾನ್ ಮಿರ್ಜಾ ಇಸ್ಮಾಯಿಲರು. ಅವರಿಗೆ ಸಂನ್ಯಾಸ ಕೊಟ್ಟವರು ಹೊಸದುರ್ಗದ ಸ್ವಾಮಿ ರಾಮದಾಸರು. ಎರ್ನಾಕುಳದಿಂದ ಮಂಗಳೂರಿಗೆ ಹೋಗುವಾಗ ಕಾಞಂಗಾಡು ಬರುತ್ತದಲ್ಲ, ಆನಂದಾಶ್ರಮ ಇರುವುದು ಅಲ್ಲಿಯೇ. ನಾವೋ, ಆ ನಿಲ್ದಾಣ ಬಂದರೆ ಕಾಫಿಯವನನ್ನು ಹುಡುಕುತ್ತೇವೆ!

ತಿರುವನಂತಪುರದ ಬಂಧುಗಳು ದೂರ ಹೋಗಬೇಕಿಲ್ಲ. ಕಾಟ್ಟಾಕ್ಕಡದ ಕಡೆಯ ನೆಟ್ಟುಕಾಲ್‌ತೇರಿಯಲ್ಲಿ 1962ರಿಂದ ಬಯಲು ಬಂದೀಖಾನೆಯುಂಟು. ಸೆರೆಯಾಳುಗಳು ಅಲ್ಲಿ ರಬ್ಬರ್ ತೋಟದಲ್ಲಿ ದುಡಿಯುತ್ತಾರೆ. ಅಲ್ಲಿಂದ ಬಿಡುಗಡೆಯಾದವನೊಬ್ಬ ನಾಳೆ ಸಾಲದ ಅರ್ಜಿ ಹಿಡಿದು ಬಂದರೆ, ಜಾಮೀನುದಾರನ ಹೆಸರು ಬರೆದಿಲ್ಲವೆಂದು ಹಿಂದಿರುಗಿಸುವವರು ನಾವೇ.