ಹಗೇವು

ಬರಗಾಲಕ್ಕೆಂದು ಧಾನ್ಯ ಕೂಡಿಡಲು ನೆಲದಲ್ಲಿ ತೋಡಿದ ಕಣಜ. ಧಾರವಾಡ, ವಿಜಯಪುರಗಳಿಂದ ಪುಣೆ ಸೀಮೆಯವರೆಗೆ, 1876–78ರ ಮಹಾಕ್ಷಾಮ ಕಂಡ ದಖ್ಖನಿನ ಒಣನಾಡಿನಲ್ಲಿ ರೂಢಿಯಲ್ಲಿತ್ತು. ಮರಾಠಿಯಲ್ಲಿ ಇದರ ಹೆಸರು ಪೇವ. ಮನೆಯಂಗಳದಲ್ಲೋ ಓಣಿಯಲ್ಲೋ ನೀರು ನಿಲ್ಲದ ಗಟ್ಟಿ ನೆಲ ಆರಿಸಿ, ಬಾಯಿ ಕಿರಿದಾಗಿ ಒಡಲು ಅಗಲವಾಗಿ ತೋಡುತ್ತಿದ್ದರು. ತಳಕ್ಕೂ ಗೋಡೆಗೂ ಕಣಿಕೆ, ಹೊಟ್ಟು ಹಾಸಿ, ಚೆನ್ನಾಗಿ ಒಣಗಿದ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು, ಹುಳುಗಳ ಉಸಿರಾಟದಿಂದ ಒಳಗಿನ ಆಮ್ಲಜನಕ ಕುಗ್ಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದರಿಂದ ಹುಳುಗಳು ಸಾಯುತ್ತವೆ. ಜೋಳ ವರ್ಷಗಟ್ಟಲೆ ಉಳಿಯುತ್ತದೆ. ಗೋಡೆಗೆ ತಾಗಿದ ಕಾಳು ಮಾತ್ರ ತೇವ ಹಿಡಿದು ಮುಗ್ಗಲಾಗುತ್ತದೆ. ಬಾಯಿ ತೆರೆದ ಕೂಡಲೇ ಇಳಿದರೆ ಉಸಿರುಗಟ್ಟುವ ಅಪಾಯವುಂಟು. ಆದ್ದರಿಂದ ಮೊದಲು ಗಾಳಿಯಾಡಲು ಬಿಡಬೇಕು. ಒಮ್ಮೆ ತೆರೆದರೆ ಗಾಳಿ ಸೇರಿ ಹುಳು ಮರುಕಳಿಸುವುದರಿಂದ ಧಾನ್ಯವನ್ನೆಲ್ಲ ಹೊರತೆಗೆಯುವುದು ವಾಡಿಕೆಯಾಗಿತ್ತು.