ಹಾಲಿನಲ್ಲಿ ಫಾಸ್ಫೇಟ್ ಇದೆ ಎಂದರೆ ಅದು ಕಲಬೆರಕೆಯೇ?

‘ಹಾಲಿನಲ್ಲಿ ಫಾಸ್ಫೇಟ್ ಇದೆ, ಅಂದರೆ ಕೆಮಿಕಲ್ ಬೆರೆಸಿದ್ದಾರೆ’ ಎಂಬ ಮಾತು ನಿಮ್ಮ ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ. ಈಗಷ್ಟೇ ಕರೆದ ನೊರೆಹಾಲಿನಲ್ಲೂ ಫಾಸ್ಫೇಟ್ ಇರುತ್ತದೆ. ಅದನ್ನು ಸೇರಿಸುವುದು ಹಸುವಿನ ಕೆಚ್ಚಲೇ.

ಹಸುವಿನ ಹಾಲಿನ ಪ್ರೋಟೀನ್‌ನಲ್ಲಿ ಶೇ. 80ರಷ್ಟು ಕೇಸೀನ್. ಕೆಚ್ಚಲಿನ ಜೀವಕೋಶಗಳಲ್ಲಿ ಕೇಸೀನ್ ತಯಾರಾಗಿ ಹಾಲಿಗೆ ಸೇರುವ ಮೊದಲೇ ಒಂದು ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಇಂಥ ಕಿಣ್ವಗಳಿಗೆ ಕೈನೇಸ್ ಎಂದು ಹೆಸರು. ಸಿಕ್ಕ ಕಡೆಯೆಲ್ಲ ಅಂಟಿಸುವುದಿಲ್ಲ, ಅದಕ್ಕೆ ಗೊತ್ತಾದ ಜಾಗಗಳಿವೆ: ಬೀಟಾ ಕೇಸೀನ್‌ನಲ್ಲಿ ಸಾಮಾನ್ಯವಾಗಿ 5, ಆಲ್ಫಾ ಎಸ್1 ಕೇಸೀನ್‌ನಲ್ಲಿ 8. (ಎ1, ಎ2 ಹಾಲಿನ ವ್ಯತ್ಯಾಸಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಬೀಟಾ ಕೇಸೀನ್‌ನ 67ನೇ ಸ್ಥಾನದಲ್ಲಿರುವ ಅಮೈನೋ ಆಮ್ಲದ ವಿಷಯ.)

ಇಷ್ಟೆಲ್ಲ ಯಾಕೆ? ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಜೊತೆಗೆ ಬೇಕಾದಷ್ಟು ಫಾಸ್ಫೇಟ್ ಲವಣವೂ ಇರುತ್ತದೆ. ಬರೀ ನೀರಾಗಿದ್ದರೆ ಇವೆರಡೂ ಸೇರಿ ಗಟ್ಟಿಯಾಗಿ ತಳ ಹಿಡಿಯುತ್ತಿದ್ದವು. ಕೇಸೀನ್‌ಗೆ ಅಂಟಿದ ಫಾಸ್ಫೇಟ್ ಈ ಕಣಗಳನ್ನು ಹಿಡಿದುಕೊಂಡು ದೊಡ್ಡದಾಗಲು ಬಿಡುವುದಿಲ್ಲ. ಸಾವಿರಾರು ಕೇಸೀನ್‌ಗಳು ಹೀಗೆ ಸೇರಿ ಕಣ್ಣಿಗೆ ಕಾಣದ ಉಂಡೆಗಳಾಗುತ್ತವೆ. ಅವು ಬೆಳಕನ್ನು ಚದುರಿಸುವುದರಿಂದಲೂ ಹಾಲು ಬೆಳ್ಳಗೆ ಕಾಣುತ್ತದೆ. ನಿಂಬೆರಸ ಹಿಂಡಿದಾಗ ಹುಳಿಗೆ ಆ ಕ್ಯಾಲ್ಸಿಯಂ ಕಳಚಿಕೊಂಡು, ಉಂಡೆಗಳು ಒಂದಕ್ಕೊಂದು ಅಂಟಿ ಹಾಲು ಒಡೆಯುತ್ತದೆ. ಒಡೆದ ಹಾಲಿನ ಗಡ್ಡೆ ಪ್ಲಾಸ್ಟಿಕ್ ಅಲ್ಲ, ಪನೀರ್.

ಈ ಕಿಣ್ವದ ಹೆಸರಿನದು ಬೇರೆಯೇ ಗೊಂದಲ. ‘ಕೇಸೀನ್ ಕೈನೇಸ್ 1’, ‘ಕೇಸೀನ್ ಕೈನೇಸ್ 2’ ಎಂಬ ಕಿಣ್ವಗಳಿವೆ. ಆದರೆ ಕೆಚ್ಚಲಿನಲ್ಲಿ ಈ ಕೆಲಸ ಮಾಡುವುದು ಅವಲ್ಲ! ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಕೇಸೀನ್ ಸುಲಭವಾಗಿ ಸಿಗುತ್ತಿದ್ದ ಕಾರಣ ಆ ಹೆಸರು ಅಂಟಿತು, ಅಷ್ಟೆ. ನಿಜವಾದ ಕಿಣ್ವ ಫ್ಯಾಮ್20ಸಿ ಎಂದು ಅಮೆರಿಕದ ವಿನ್ಸೆಂಟ್ ಟಾಗ್ಲಿಯಾಬ್ರಾಚಿ, ಜ್ಯಾಕ್ ಡಿಕ್ಸನ್ ಮತ್ತು ಸಂಗಡಿಗರು ತೋರಿಸಿದ್ದು 2012ರಲ್ಲಿ. ಇದು ನಮ್ಮ ದೇಹದಲ್ಲೂ ಇದೆ, ಮೂಳೆ ಮತ್ತು ಹಲ್ಲಿನ ಪ್ರೋಟೀನ್‌ಗಳಿಗೂ ಫಾಸ್ಫೇಟ್ ಅಂಟಿಸುತ್ತದೆ. ಇದರ ಜೀನ್ ಕೆಟ್ಟು ಹುಟ್ಟುವ ಮಕ್ಕಳಿಗೆ ರೇನ್ ಸಿಂಡ್ರೋಮ್ ಎಂಬ ತೀವ್ರ ಮೂಳೆರೋಗ ಬರುತ್ತದೆ.

ಹಾಗೆಂದು ಹಾಲಿನ ಕಲಬೆರಕೆಯೇ ಸುಳ್ಳು ಎನ್ನಲಾಗದು. ನೀರು, ಯೂರಿಯಾ, ಡಿಟರ್ಜೆಂಟ್ ಬೆರೆಸುವುದುಂಟು, ಅವಕ್ಕೆ ಬೇರೆ ಪರೀಕ್ಷೆಗಳಿವೆ. ಸಂಸ್ಕರಿಸಿದ ಕೆಲವು ಹಾಲಿನ ಉತ್ಪನ್ನಗಳಿಗೆ ಸೋಡಿಯಂ ಫಾಸ್ಫೇಟ್ ಸೇರಿಸುತ್ತಾರೆ. ಲೇಬಲ್‌ನಲ್ಲಿ ಐಎನ್‌ಎಸ್ 339 ಎಂದಿದ್ದರೆ ಅದೇ.

ಒಂದು ಎಚ್ಚರಿಕೆ ಮಾತ್ರ ನಿಜಕ್ಕೂ ಬೇಕು. ಕಿಡ್ನಿ ತೀರಾ ದುರ್ಬಲವಾದವರಲ್ಲಿ ರಂಜಕ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ. ಮನೆಯ ಹಸುವಿನ ಶುದ್ಧ ಹಾಲಾದರೂ ಎಷ್ಟು ಕುಡಿಯಬಹುದು ಎಂದು ಅಂಥವರು ವೈದ್ಯರನ್ನೇ ಕೇಳಬೇಕು.