ಲಾಜವರ್ದ್: ಬದಖ್ಶಾನಿನ ನೀಲಿ ಕಲ್ಲು

ಉರ್ದು ತರಗತಿಯಲ್ಲಿ ‘ಲಾಜವರ್ದಿ’ ಎಂಬ ಪದ ಬಂದಾಗ ‘ನೀಲಿ ಬಣ್ಣ’ ಎಂದಷ್ಟೇ ಹೇಳಿ ನಾನು ಮುಂದಿನ ಸಾಲಿಗೆ ಹೋಗುತ್ತಿದ್ದೆ. ಒಮ್ಮೆ ವಿದ್ಯಾರ್ಥಿಯೊಬ್ಬ, “ಸರ್, ಹಾಗಾದರೆ ನೀಲಾ ಅನ್ನಬಹುದಿತ್ತಲ್ಲ?” ಎಂದ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸಿಕ್ಕಿದ್ದು ಅಫ್ಘಾನಿಸ್ತಾನದ ಒಂದು ಕಣಿವೆ.

ಲಾಜವರ್ದ್ ಒಂದು ಕಲ್ಲು. ಸಂಸ್ಕೃತ ರತ್ನಶಾಸ್ತ್ರಗಳು ಇದನ್ನು ರಾಜಾವರ್ತ ಎನ್ನುತ್ತವೆ. ಇದರ ನೀಲಿಗೆ ಕಾರಣ ಲಾಝುರೈಟ್ ಎಂಬ ಅಪರೂಪದ ಸಿಲಿಕೇಟ್ ಖನಿಜ. ಅದರ ಹರಳಿನೊಳಗೆ ಮೂರು ಮೂರಾಗಿ ಸಿಕ್ಕಿಕೊಂಡಿರುವ ಗಂಧಕದ ಪರಮಾಣುಗಳೇ ಆ ಬಣ್ಣ ಕೊಡುತ್ತವೆ. ಹಳದಿ ಗಂಧಕದಿಂದ ಇಂಥ ನೀಲಿ! ಕಲ್ಲಿನಲ್ಲಿ ಚಿನ್ನದಂತೆ ಮಿನುಗುವ ಚುಕ್ಕೆಗಳು ಮಾತ್ರ ಚಿನ್ನವಲ್ಲ, ಪೈರೈಟ್.

ರಷ್ಯಾದ ಬೈಕಾಲ್ ಸರೋವರದ ಬಳಿ ಮತ್ತು ಚಿಲಿ ದೇಶದಲ್ಲಿಯೂ ಇದು ಸಿಗುತ್ತದೆ. ಆದರೆ ಉತ್ತಮ ಕಲ್ಲಿನ ತವರು ಬದಖ್ಶಾನ್ ಪ್ರಾಂತ್ಯದ ಕೋಕ್ಚಾ ನದಿ ಕಣಿವೆಯ ಸರ್-ಎ-ಸಂಗ್. ಇಲ್ಲಿನ ಕಲ್ಲು 4,500 ವರ್ಷಗಳ ಹಿಂದೆಯೇ ಎರಡು ಸಾವಿರ ಕಿಲೋಮೀಟರಿಗೂ ದೂರದ, ಇಂದಿನ ಇರಾಕಿನ ಊರ್ ನಗರದ ರಾಜಸಮಾಧಿಗಳನ್ನು ಸೇರಿತ್ತು. ಹರಪ್ಪಾ ಜನರೂ ಆಮು ದರಿಯಾ ನದಿಯ ಹತ್ತಿರ ಶೋರ್ತುಗೈ ಎಂಬಲ್ಲಿ ನೆಲೆ ಮಾಡಿಕೊಂಡಿದ್ದರು. ಈ ಕಲ್ಲಿನ ವ್ಯಾಪಾರವೇ ಅದಕ್ಕೆ ಮುಖ್ಯ ಕಾರಣವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಈಜಿಪ್ಟಿನ ತುತಾಂಖಾಮನ್‌ನ ಚಿನ್ನದ ಮುಖವಾಡದಲ್ಲಿ ಹುಬ್ಬುಗಳು ಇದೇ ಕಲ್ಲಿನವು.

ಯುರೋಪಿನ ಚಿತ್ರಕಾರರು ಇದನ್ನು ಅರೆದು ಮಾಡಿದ ಬಣ್ಣವನ್ನು ಅಲ್ಟ್ರಾಮರೀನ್ ಎಂದರು. ‘ಸಮುದ್ರದಾಚೆಯದು’ ಎಂದು ಅದರ ಅರ್ಥ. ಯಾವ ಊರಿನದು ಎಂಬ ಮಾತೇ ಇಲ್ಲ! ಆದರೆ ಇಂಗ್ಲಿಷಿನ ‘ಅಜೂರ್’ ಪದ ನೋಡಿ. ಫಾರಸಿಯ ಲಾಜವರ್ದ್ ಅರಬ್ಬಿ, ಲ್ಯಾಟಿನ್ ದಾಟಿ ಫ್ರೆಂಚಿಗೆ ಬಂದಾಗ, ಮೊದಲಿನ ‘ಲ’ಕಾರವನ್ನು ತಮ್ಮ ವ್ಯಾಕರಣದ ಉಪಪದವೆಂದು ಭ್ರಮಿಸಿ ಬಿಟ್ಟುಬಿಟ್ಟರು. ಉಳಿದದ್ದೇ ಅಜೂರ್.

ಇನ್ನು ಅಗೆಯುವವರ ಕಷ್ಟ. 1838ರಲ್ಲಿ ಈ ಗಣಿಗಳನ್ನು ಕಂಡ ಬ್ರಿಟಿಷ್ ನೌಕಾಧಿಕಾರಿ ಜಾನ್ ವುಡ್ ಕೆಲಸದ ರೀತಿಯನ್ನು ಬರೆದಿಟ್ಟಿದ್ದಾನೆ: ಬಂಡೆಯ ಕೆಳಗೆ ಬೆಂಕಿ ಹಾಕಬೇಕು, ಕಾದ ಮೇಲೆ ಸುತ್ತಿಗೆಯಿಂದ ಹೊಡೆದು ಮೇಲ್ಪದರ ಕಳಚಬೇಕು. ಮೇಲಿನ ಬಂಡೆ ಯಾವಾಗ ಕುಸಿಯುತ್ತದೋ ಎಂಬ ಭಯ ಬೇರೆ. 1828ರ ಹೊತ್ತಿಗೇ ಫ್ರಾನ್ಸಿನ ಗಿಮೇ ಮತ್ತು ಜರ್ಮನಿಯ ಗ್ಮೆಲಿನ್ ಕೃತಕ ಬಣ್ಣ ತಯಾರಿಸಿದ್ದರಿಂದ ಚಿತ್ರಕಾರರಿಗೆ ಕಲ್ಲು ಬೇಕಾಗಲಿಲ್ಲ. ಆಭರಣಗಳಿಗೆ ಮಾತ್ರ ಬೇಡಿಕೆ ನಿಲ್ಲಲಿಲ್ಲ. ಈ ಗಣಿಗಳ ಹಣ ಸಶಸ್ತ್ರ ಗುಂಪುಗಳ ಪಾಲಾಗುತ್ತಿದೆ ಎಂದು 2016ರಲ್ಲಿ ಗ್ಲೋಬಲ್ ವಿಟ್ನೆಸ್ ಸಂಸ್ಥೆ ವರದಿ ಮಾಡಿತು.

ಈಗ ಆ ಪದ ಬಂದಾಗ ನಾನು ಮೊದಲು ಗೋಡೆಯ ಮೇಲಿನ ನಕ್ಷೆಯಲ್ಲಿ ಬದಖ್ಶಾನ್ ತೋರಿಸುತ್ತೇನೆ. ಪಾಠ ಆ ದಿನ ಮುಗಿಯುವುದಿಲ್ಲ.